ಸಾಕ್ಷಿಗೆ ಕೊಟ್ಟ ಟವೆಲ್

ಅವಳ ಎಡಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ಸುಲಿದ ಬೆಳ್ಳುಳ್ಳಿ ಎಸಳಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹಳದಿ ಬಸ್ಸಿನ ಬಾಗಿಲು ತೆರೆಯುವ ಗುಂಡಿಯನ್ನು ಅವಳು ಬೇಕೆಂದೇ ಆ ಬೆರಳಿನಿಂದ ಒತ್ತುತ್ತಿದ್ದಳು. ಹತ್ತುವ ಮಕ್ಕಳ ಕಣ್ಣು ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ. ಯಾವುದಾದರೂ ಮಗು ‘ಉಗುರು ಎಲ್ಲಿ’ ಎಂದು ಕೇಳಿದರೆ ‘ನಾ ಕಲ್ತ ಸಾಲಿ ತಿಂತು’ ಅನ್ನುತ್ತಿದ್ದಳು. ಮಕ್ಕಳು ನಗುತ್ತಿದ್ದವು. ಅದು ತಮಾಷೆಯ ಮಾತಲ್ಲ ಎಂದು ನನಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಇಸ್ಸಾಕ್ವಾ ಎಂಬ ಪರದೇಶದ ಊರಿನ ಗುಡ್ಡದ ಮೇಲಿನ ನಮ್ಮ ಬಡಾವಣೆಗೆ ಶಾಲೆಯ ಬಸ್ಸು ತರುತ್ತಿದ್ದವಳು ಅವಳು. ಎಪ್ಪತ್ತು ದಾಟಿತ್ತು. ಗಿಡ್ಡ ದೇಹ, ಬೆನ್ನಿಗೆ ಆತುಕೊಳ್ಳಲು ಒಂದು ಹಳೆಯ ದಿಂಬು, ಭುಜಕ್ಕೆ ಬೀಳುವ ಬೂದು ಜಡೆ, ಜಾಕೆಟ್ಟಿಗೆ ಡೀಸೆಲ್ಲಿನ ಮತ್ತು ಹೊಗೆಯಲ್ಲಿ ಒಣಗಿಸಿದ ಮೀನಿನ ವಾಸನೆ. ನನ್ನ ಮಗಳು ‘ಬಸ್ ಅಜ್ಜಿ’ ಅನ್ನುತ್ತಿದ್ದಳು, ನಾನೂ ಹಾಗೇ ಅಂದೆ. ನಮ್ಮ ಗದಗಿನ ಕಡೆ ಅಜ್ಜಿಗೆ ಬಹುವಚನ ಹಚ್ಚುವ ರೂಢಿ ಇಲ್ಲ, ಹಚ್ಚಿದರೆ ಆಕೆ ದೂರದವಳಾಗುತ್ತಾಳೆ. ಅವಳು ಆಡುತ್ತಿದ್ದದ್ದು ಇಂಗ್ಲಿಷು, ಅದೂ ಒಂದೊಂದೇ ಶಬ್ದ ಆರಿಸಿ ಇಡುವ ನಿಧಾನದ ಇಂಗ್ಲಿಷು. ಆದರೆ ನನ್ನ ಕಿವಿಗೆ ಬೀಳುವಾಗ ಅದು ನಮ್ಮೂರ ಮಾತಾಗಿಯೇ ಬೀಳುತ್ತಿತ್ತು. ಇಲ್ಲೂ ಹಾಗೇ ಬರೆಯುತ್ತೇನೆ.

ಪೆಸಿಫಿಕ್ ಕಡಲಂಚಿನಲ್ಲಿ, ರಸ್ತೆ ಮುಗಿದುಹೋಗುವ ಕಡೆ, ಮೂಲನಿವಾಸಿಗಳದೊಂದು ಸಣ್ಣ ಊರಿದೆ. ಅವಳು ಅಲ್ಲಿಯವಳು. ಊರ ಹೆಸರು ಬರೆಯುವುದಿಲ್ಲ. ‘ಹೆಸರು ಬರದ್ರ ಫೋಟೋ ಹೊಡಿಯಾಕ ಬರ್ತಾರ’ ಎಂದು ಅವಳೇ ಹೇಳಿದ್ದಳು.

ಬಸ್ ಸ್ಟಾಪಿನಲ್ಲಿ ನಾವು ಏಳೆಂಟು ತಾಯಂದಿರು ನಿಲ್ಲುತ್ತಿದ್ದೆವು, ಹೆಚ್ಚಿನವರು ಬೆಂಗಳೂರು ಮೈಸೂರಿನ ಕಡೆಯವರು. ಜಿನುಗು ಮಳೆ, ಕೈಯಲ್ಲಿ ಕಾಫಿ, ಬಾಯಲ್ಲಿ ಊರವರ ಸುದ್ದಿ. ಒಬ್ಬಳು ಅನ್ನುವಳು: ‘ರೆಡ್ ಇಂಡಿಯನ್ ಕಣ್ರೀ ಅವ್ಳು. ಡ್ರಿಂಕ್ಸ್ ಮಾಡಿ ಓಡ್ಸಿದ್ರೆ ನಮ್ ಮಕ್ಳ ಗತಿ ಏನು?’ ಇನ್ನೊಬ್ಬಳು ಅನ್ನುವಳು: ‘ನನ್ ಮಗಂಗೆ ಆ ಸ್ಮೆಲ್ ಆಗೋದೇ ಇಲ್ಲ. ಸ್ಕೂಲಿಗೆ ಮೇಲ್ ಹಾಕೋಣ್ವಾ?’ ಇವರು ಯಾರೂ ಅವಳು ಒಂದು ಹನಿ ಕುಡಿದದ್ದು ಕಂಡವರಲ್ಲ. ಈಗ ನೆನೆದರೆ ಹೇಸಿಗೆಯಾಗುತ್ತದೆ. ಆಗ ಮಾತ್ರ ನಾನೂ ಅವರ ಜತೆ ಮೂಗು ಮುರಿದು ನಕ್ಕಿದ್ದೇನೆ.

ಸಂಜೆಯ ಸರದಿಯಲ್ಲಿ ಅವಳದೊಂದು ಹಟವಿತ್ತು. ಮಗು ಇಳಿದು, ರಸ್ತೆ ದಾಟಿ, ಮನೆಯ ಬಾಗಿಲು ತೆರೆದು, ಒಳಗಿನಿಂದ ಯಾರದಾದರೂ ಮುಖ ಕಾಣುವವರೆಗೆ ಬಸ್ಸು ಅಲುಗುತ್ತಿರಲಿಲ್ಲ. ಹಿಂದೆ ಕಾರುಗಳ ಸಾಲು ಹಾರ್ನ್ ಬಾರಿಸಿದರೂ ಅವಳು ಕನ್ನಡಿ ಕೂಡ ನೋಡುತ್ತಿರಲಿಲ್ಲ. ಒಂದು ದಿನ ನಾನು ಕೇಳಿಯೇಬಿಟ್ಟೆ, ಇಷ್ಟು ಹೊತ್ತು ಯಾಕೆ ನಿಲ್ಲಿಸುತ್ತೀ ಎಂದು.

‘ಒಯ್ಯೋ ಬಸ್ಸಿಗೆ ಯಾರ ಬೇಕಾದ್ರೂ ಡ್ರೈವರ್ ಆಗಬಹುದವಾ,’ ಅಂದಳು. ‘ತಿರುಗಿ ತರೋ ಬಸ್ಸಿಗೆ ನಾನ ಇರಬೇಕು.’

ಅವಳಿಗೆ ಆರು ವರ್ಷವಿದ್ದಾಗ ಅವರ ಊರಿಗೆ ಸರಕಾರದ ಲಾರಿ ಬಂದಿತ್ತು. ಮಕ್ಕಳನ್ನು ಹತ್ತಿಸಿಕೊಂಡು ದೂರದ ವಸತಿ ಶಾಲೆಗೆ ಒಯ್ದಿತು. ಅಲ್ಲಿ ಅವಳ ಭಾಷೆ ಆಡಿದರೆ ಬಾಯಿಗೆ ಸಾಬೂನು. ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ವಸ್ತ್ರ ಹಿಂಡುವ ಉರುಳೆಗೆ ಅವಳ ಬೆರಳು ಸಿಕ್ಕಿಕೊಂಡಿತು, ಆಗ ಎಂಟು ವರ್ಷ. ‘ಹನ್ನೊಂದು ಹುಡುಗರು ಲಾರಿ ಹತ್ತಿದ್ವಿ. ಎಂಟು ಮಂದಿ ಊರಾಗ ಇಳದ್ವಿ,’ ಎಂದಷ್ಟೇ ಹೇಳಿದ್ದಳು. ಉಳಿದ ಮೂವರ ಹೆಸರನ್ನು ದಿನಾ ಬೆಳಿಗ್ಗೆ ಬಸ್ಸು ಚಾಲು ಮಾಡುವ ಮೊದಲು ಒಂದು ಸಲ ಬಾಯಲ್ಲೇ ಅಂದುಕೊಳ್ಳುತ್ತಿದ್ದಳು.

ನಮ್ಮಿಬ್ಬರ ಗೆಳೆತನಕ್ಕೆ ಕಾರಣ ನನ್ನ ಮಗಳು. ‘ಮೈ ಅಮ್ಮ ಈಸ್ ಎ ಹಿಸ್ಟರಿ ಟೀಚರ್, ಬಟ್ ಶೀ ಈಸ್ ನಾಟ್ ಅಲೌಡ್ ಟು ವರ್ಕ್’ ಎಂದು ಬಸ್ಸಿನಲ್ಲಿ ಡಂಗುರ ಸಾರಿದ್ದಳು. ಸುಳ್ಳೇನಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿ, ಗದಗಿನ ಕಾಲೇಜೊಂದರಲ್ಲಿ ಆರು ವರ್ಷ ಪಾಠ ಹೇಳಿ, ಗಂಡನ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದವಳು ನಾನು. ಆ ವೀಸಾದಲ್ಲಿ ಹೆಂಡತಿಗೆ ಅಡುಗೆ ಮಾಡಲು ಮಾತ್ರ ಪರವಾನಗಿ. ‘ಇತಿಹಾಸ ಗೊತ್ತಿದ್ದಾಕಿ ಮನ್ಯಾಗ ಕುಂತಾಳಂತ?’ ಎನ್ನುತ್ತ ಅವಳು ಒಂದು ಶುಕ್ರವಾರ ಬೆಳಗಿನ ಸರದಿ ಮುಗಿಸಿ, ತನ್ನ ಹಳೆಯ ಪಿಕಪ್ಪಿನಲ್ಲಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಸುದ್ದಿ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ. ಅವಳ ಕೈಯಾರೆ ಹೊಗೆಯಲ್ಲಿ ಒಣಗಿಸಿದ ಮೀನು.

ನಾವು ಲಿಂಗಾಯತರು, ಮೀನು ಮುಟ್ಟಿದವರಲ್ಲ. ನಗುತ್ತ ಇಸಿದುಕೊಂಡು, ಅವಳು ಹೋದ ಮೇಲೆ ಮೂಗು ಮುಚ್ಚಿ ಕಸದ ಡಬ್ಬಿಗೆ ಎಸೆದು, ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದೆ. ಮರುವಾರ ‘ತಿಂದ್ಯಾ?’ ಎಂದು ಕೇಳಿದಳು. ‘ಭಾಳ ರುಚಿ ಇತ್ತು’ ಅಂದೆ.

‘ಹೌದಂತ,’ ಅಂದಳು ನಗುತ್ತ. ‘ನಿಮ್ಮ ಕಸದ ಡಬ್ಬಿ ಮ್ಯಾಲ ಕಾಗಿ ಕುಂತು ಹಂಗ ಹೇಳತಿದ್ವು. ಇರಲಿ ಬಿಡು, ಕಾಗಿನೂ ನಮ್ಮ ಬಳಗನ.’

ನಾಚಿಕೆಯಿಂದ ನೆಲ ನೋಡಿದೆ. ಅವಳು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಆರಾಮಾಗಿ ತಿಂದಳು. ನನ್ನ ಸುಳ್ಳನ್ನು ಅವಳು ಹಿಡಿದದ್ದು ಅದೇ ಮೊದಲು, ಕೊನೆಯದಲ್ಲ. ಆಮೇಲಿನ ಶುಕ್ರವಾರಗಳಲ್ಲಿ ಮೀನಿನ ಬದಲು ಕಾಡು ಹಣ್ಣಿನ ಜಾಮು ತರತೊಡಗಿದಳು. ಜೋಳದ ರೊಟ್ಟಿ ಬಡಿಯಲು ಕಲಿತಳು. ಉಗುರಿಲ್ಲದ ಹೆಬ್ಬೆರಳಿಗೆ ಹಿಟ್ಟು ಮೆತ್ತಿಕೊಳ್ಳುವುದಿಲ್ಲ ಎಂದು ಬೀಗುತ್ತಿದ್ದಳು.

2014ರ ಬೇಸಿಗೆಯಲ್ಲಿ ಅವಳ ತಮ್ಮನ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ನನ್ನನ್ನೂ ಮಗಳನ್ನೂ ಪಿಕಪ್ಪಿನಲ್ಲಿ ಕೂರಿಸಿಕೊಂಡು ಐದು ತಾಸು ಓಡಿಸಿದಳು. ಮರ ಕಡಿದು ಬೋಳಾದ ಗುಡ್ಡಗಳು, ಮಂಜು, ಮತ್ತೆ ಗುಡ್ಡಗಳು, ಕೊನೆಗೆ ಕಡಲು. ಊರೆಂದರೆ ನೂರು ಮನೆಯೂ ಇರಲಿಲ್ಲ. ಊರ ಪಂಚಾಯಿತಿಯ ಸಭಾಂಗಣದಲ್ಲಿ ಜನ ತುಂಬಿದ್ದರು. ನನ್ನ ತಟ್ಟೆಯಲ್ಲಿ ಆಲೂಗಡ್ಡೆ ಮತ್ತು ಬ್ರೆಡ್ಡು ಮಾತ್ರ ಇರುವ ಹಾಗೆ ಅವಳು ಮೊದಲೇ ಹೇಳಿಟ್ಟಿದ್ದಳು. ಹಾಡು ಶುರುವಾಗುವಾಗ ನಾನು ಫೋನ್ ಎತ್ತಿದ್ದಕ್ಕೆ ಮೆಲ್ಲಗೆ ನನ್ನ ಕೈ ಇಳಿಸಿದಳು. ಆ ಹಾಡು ಒಂದು ಮನೆತನದ್ದು, ಬೇರೆಯವರು ಹಿಡಿದುಕೊಂಡು ಹೋಗುವ ಹಾಗಿಲ್ಲ ಅಂದಳು.

ಆಮೇಲೆ ಊರಿನ ಪರವಾಗಿ ಮಾತಾಡುವ ಒಬ್ಬ ಮುದುಕ ಎದ್ದು ನಾಲ್ಕು ಜನರ ಹೆಸರು ಕೂಗಿದ. ನಾಲ್ಕನೆಯದು ನನ್ನದು. ದೂರದಿಂದ ಬಂದವಳೆಂದು ಸನ್ಮಾನ ಮಾಡುತ್ತಾರೇನೋ ಎಂದು ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಒಬ್ಬ ಹೆಂಗಸು ಬಂದು ನನ್ನ ಕೈಗೆ ಒಂದು ಟವೆಲ್ ಇಟ್ಟಳು. ಬಿಳಿ, ದಪ್ಪನೆಯದು, ಅಂಚಿಗೆ ಎರಡು ನೀಲಿ ಪಟ್ಟೆ. ನಮ್ಮಲ್ಲಿ ಮುತ್ತೈದೆಯರಿಗೆ ಕುಪ್ಪಸದ ಕಣ ಕೊಡುವ ಹಾಗೆ ಎಂದು ಖುಷಿಯಾಗಿ ಮಡಿಲಲ್ಲಿಟ್ಟುಕೊಂಡು ಕೂತೆ.

ಅಜ್ಜಿ ನನ್ನ ಕಿವಿಯ ಹತ್ತಿರ ಬಗ್ಗಿದಳು. ‘ಇದು ನಿನಗ ಉಡುಗೊರಿ ಅಲ್ಲವಾ, ಕೇಳಾಕ ಕೊಟ್ಟಿದ್ದು. ನೀ ಈಗ ಸಾಕ್ಷಿ. ಕಿವಿ ತಗದು ಕುಂದ್ರು. ಮುಂದ ಯಾರರ ಕೇಳಿದ್ರ, ಕೇಳಿದ್ದನ್ನ ಕೇಳಿದಾಂಗ ಹೇಳಬೇಕು. ಹೆಚ್ಚಿಗಿ ಬ್ಯಾಡ, ಕಮ್ಮಿ ಬ್ಯಾಡ.’

ಹೀಗೂ ಉಂಟೇ ಎಂದು ನನಗೆ ಬೆರಗು. ಅವರಲ್ಲಿ ದೊಡ್ಡ ಮಾತುಗಳನ್ನೆಲ್ಲ ಹೀಗೇ ಕಾಪಾಡುವುದಂತೆ. ಕಾಗದಕ್ಕೆ ಕೊಡುವುದಿಲ್ಲ, ಮನುಷ್ಯರಿಗೆ ಕೊಡುತ್ತಾರೆ, ಕೇಳಿಸಿಕೊಂಡ ಶ್ರಮಕ್ಕೆ ಒಂದು ವಸ್ತು ಕೊಡುತ್ತಾರೆ.

ಅವಳು ಎದ್ದು ನಿಂತು ಮಗುವಿಗೆ ಅದರ ಊರಿನ ಕಥೆ ಹೇಳಿದಳು. ಅವಳ ಅಜ್ಜಿಯ ಕಾಲದಲ್ಲಿ, ಬೇಸಿಗೆ ಮುಗಿಯುವಾಗ ಊರಿಗೆ ಊರೇ ದೋಣಿ ಹತ್ತಿ, ಎಷ್ಟೋ ದಿನ ಹುಟ್ಟು ಹಾಕಿ, ಒಳನಾಡಿಗೆ ಕೂಲಿಗೆ ಹೋಗುತ್ತಿತ್ತು. ಬಿಯರಿಗೆ ಹಾಕುವ ಹಾಪ್ಸ್ ಹೂವು ಬಿಡಿಸುವ ಕೂಲಿ. ಆ ಹೊಲಗಳಿದ್ದದ್ದು ಇದೇ ಇಸ್ಸಾಕ್ವಾದ ಕಣಿವೆಯಲ್ಲಿ, ಈಗ ನಮ್ಮ ಬಡಾವಣೆಯ ಕೆಳಗೆ ಅಂಗಡಿಗಳಿರುವ ಕಡೆ. ಒಂದು ವರ್ಷ ಕೂಲಿ ಮುಗಿಸಿ ಮರಳಿದಾಗ ಊರು ಇರಲಿಲ್ಲ. ಮನೆಗಳೆಲ್ಲ ಬೂದಿ. ಪೆಟ್ಟಿಗೆ, ಮುಖವಾಡ, ಚಾಪೆ, ಚಳಿಗಾಲಕ್ಕೆಂದು ಒಣಗಿಸಿಟ್ಟ ಮೀನು, ಎಲ್ಲವೂ ಬೂದಿ. ಬೂದಿಯ ಸುತ್ತ ಬೇಲಿ. ಹೊಳೆಯಾಚೆ ಬಂದು ನೆಲಸಿದ್ದ ಒಬ್ಬ ಬಿಳಿಯನಿಗೆ ಆ ಜಾಗ ಬೇಕಾಗಿತ್ತು. ದೋಣಿ ಹತ್ತಲಾರದೆ ಊರಲ್ಲೇ ಉಳಿದಿದ್ದ ಇಬ್ಬರು ಮುದುಕಿಯರು ಎತ್ತರದ ಆಪು ಹುಲ್ಲಿನಲ್ಲಿ ಅಡಗಿ ಕೂತು, ಅವನು ಒಂದೊಂದೇ ಮನೆಗೆ ಕೊಳ್ಳಿ ಇಡುವುದನ್ನು ಕಂಡಿದ್ದರು. ಆ ಚಳಿಗಾಲ ಜನ ದಂಡೆಯ ಮೇಲೆ ದೋಣಿ ಮಗುಚಿ ಹಾಕಿಕೊಂಡು ಅದರ ಕೆಳಗೆ ಬದುಕಿದರು. ಬಸ್ ಅಜ್ಜಿಯ ಅವ್ವ ಹುಟ್ಟಿದ್ದು ಅಂಥ ಒಂದು ದೋಣಿಯ ಕೆಳಗೆ. ಕೊಳ್ಳಿ ಇಟ್ಟವನ ಹೆಸರು ಇಂದಿಗೂ ಅಲ್ಲಿಯ ಒಂದು ಹಳ್ಳಕ್ಕಿದೆ, ಸರಕಾರದ ನಕಾಶೆಯಲ್ಲೇ ಇದೆ.

‘ಆ ಇಬ್ಬರು ಮುದುಕ್ಯಾರು ಮೊದಲ ಸಾಕ್ಷಿ,’ ಎಂದು ಮುಗಿಸಿದಳು. ‘ಅವರು ನಮ್ಮ ಅಜ್ಜಿಗೆ ಹೇಳಿದ್ರು. ಅಜ್ಜಿ ನನಗ ಹೇಳಿದ್ಲು. ನಾ ಈಗ ನಾಲ್ಕು ಮಂದಿಗೆ ಕೊಟ್ಟೇನಿ.’

ನಾನು ಅತ್ತೆ, ಚೆನ್ನಾಗಿಯೇ ಅತ್ತೆ. ಮನೆಗೆ ಬಂದು ಟವೆಲನ್ನು ಕಪಾಟಿನಲ್ಲಿಟ್ಟೆ.

ಇನ್ನು ನನ್ನ ಘನಕಾರ್ಯ. ಆ ವರ್ಷದ ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಕರೆದಿದ್ದೆ. ಇಲ್ಲಿಯ ನಮ್ಮವರಲ್ಲಿ ಬ್ಲೌಸ್ ಪೀಸು ಮನೆಯಿಂದ ಮನೆಗೆ ಸುತ್ತುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಯಾರೂ ಹೊಲಿಸುವುದಿಲ್ಲ. ಬಂದದ್ದನ್ನು ಮಡಿಕೆ ಕೆಡದ ಹಾಗೆ ಇಟ್ಟು ಮುಂದಿನ ಮನೆಗೆ ದಾಟಿಸುವುದು. ನಾನು ಕೊಟ್ಟ ಗಿಳಿಹಸಿರು ಪಾಲಿಯೆಸ್ಟರ್ ತುಂಡೊಂದು ಮೂರು ವರ್ಷ ಸುತ್ತಿ, ನಾನೇ ಚೆಲ್ಲಿದ್ದ ಕುಂಕುಮದ ಕಲೆಯೊಂದಿಗೆ ನನಗೇ ಮರಳಿತ್ತು. ಆ ಸಂಜೆ ಕೊನೆಗೆ ಬಂದವಳು ನನ್ನ ಮೈಸೂರಿನ ಗೆಳತಿ. ಮೊದಲು ನಮ್ಮ ಬಡಾವಣೆಯಲ್ಲೇ ಇದ್ದು, ಆಗಷ್ಟೇ ಮರ್ಸರ್ ಐಲ್ಯಾಂಡಿನಲ್ಲಿ ಸರೋವರದ ದಂಡೆಗೆ ಮನೆ ಕೊಂಡು ಹೋದವಳು. ಅಂಥವಳಿಗೆ ಸುತ್ತಾಡಿದ ಪಾಲಿಯೆಸ್ಟರ್ ಕೊಡಲು ಮನಸ್ಸಾಗಲಿಲ್ಲ. ಕಪಾಟು ತೆರೆದರೆ ಎದುರಿಗೇ ಹೊಸ ಟವೆಲ್. ಎಲೆ ಅಡಿಕೆ ತೆಂಗಿನಕಾಯಿಯ ಕೆಳಗೆ ಅದನ್ನಿಟ್ಟು ಕೊಟ್ಟುಬಿಟ್ಟೆ. ‘ಅಯ್ಯೋ ಎಷ್ಟ್ ಚೆನ್ನಾಗಿದೆ, ಯೂಸ್ ಆಗತ್ತೆ’ ಅಂದಳು. ನನಗೆ ಹೆಮ್ಮೆಯಾಯಿತು. ಬೇರೇನೂ ಅನ್ನಿಸಲಿಲ್ಲ.

ಮರುವರ್ಷ ಶಾಲೆಯಲ್ಲಿ ನಾಲ್ಕನೇ ಈಯತ್ತೆಯ ಮಕ್ಕಳಿಗಾಗಿ ಈ ಸೀಮೆಯ ಇತಿಹಾಸದ ಒಂದು ಕಿರುಪುಸ್ತಕ ಮಾಡಲು ಪಾಲಕರ ಸಮಿತಿಯಾಯಿತು. ಇತಿಹಾಸದವಳೆಂದು ನಾನೂ ಸೇರಿದೆ. ಅಧ್ಯಕ್ಷೆ ಬಹಳ ಒಳ್ಳೆಯ ಹೆಂಗಸು, ಒಳ್ಳೆಯವಳೆಂದು ಎಲ್ಲರಿಗೂ ಗೊತ್ತಾಗುವಷ್ಟು ಒಳ್ಳೆಯವಳು. ಪ್ರತಿ ಸಭೆಯ ಮೊದಲು ‘ಈ ನೆಲ ಮೂಲನಿವಾಸಿಗಳದು, ಅವರಿಗೆ ನಾವು ಕೃತಜ್ಞರು’ ಎಂದು ಒಂದು ಕಾಗದ ನೋಡಿ ಓದಿ, ಎರಡು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಕುಕೀ ಹಂಚುತ್ತಿದ್ದಳು. ಅದೇ ಕಾಲಕ್ಕೆ ಸರಕಾರ ನಿಯಮ ಬದಲಿಸಿ ನನ್ನಂಥ ಹೆಂಡತಿಯರೂ ಕೆಲಸ ಮಾಡಬಹುದು ಎಂದಿತ್ತು. ಶಾಲೆಯಲ್ಲಿ ಸಹಾಯಕ ಶಿಕ್ಷಕಿಯ ಕೆಲಸಕ್ಕೆ ನಾನು ಅರ್ಜಿ ಹಾಕುವುದಿತ್ತು. ಶಿಫಾರಸು ಪತ್ರ ತಾನು ಬರೆದುಕೊಡುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಆರು ವರ್ಷ ಮನೆಯಲ್ಲಿ ಕೂತವಳಿಗೆ ಆ ಪತ್ರ ಎಂಥದ್ದು ಎಂದು ಕೂತವರಿಗೇ ಗೊತ್ತು.

ಬಸ್ ಅಜ್ಜಿಯನ್ನು ಸಭೆಗೆ ಕರೆಸಿದ್ದು ನಾನೇ. ಮಧ್ಯಾಹ್ನ ಶಾಲೆಯ ಗ್ರಂಥಾಲಯದಲ್ಲಿ, ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಎಲ್ಲರೂ ಮಂಡಿ ಎತ್ತಿ ಕೂತಿದ್ದೆವು. ಅವಳು ಬಸ್ಸಿನ ಜಾಕೆಟ್ಟಿನಲ್ಲೇ ಬಂದು, ನಿಂತೇ ಹೇಳಿದಳು. ಊರಲ್ಲಿ ಹೇಳಿದ್ದನ್ನೇ, ಅಷ್ಟನ್ನೇ.

ಅಧ್ಯಕ್ಷೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ‘ತುಂಬ ಪವರ್‌ಫುಲ್. ನಿಜವಾಗಲೂ. ಆದರೆ ಒಬ್ಬ ವ್ಯಕ್ತಿಯ ಮೇಲೆ ಆಪಾದನೆ ಬರ್ತಾ ಇದೆ, ಅವರ ವಂಶದವರು ಇನ್ನೂ ಇದ್ದಾರೆ. ಇದಕ್ಕೆ ಏನಾದರೂ ಡಾಕ್ಯುಮೆಂಟ್ ಇದೆಯಾ?’

‘ಐತಿ,’ ಅಂದಳು ಅಜ್ಜಿ. ಉಗುರಿಲ್ಲದ ಹೆಬ್ಬೆರಳು ನನ್ನ ಕಡೆ ತಿರುಗಿತು. ‘ಅಲ್ಲೆ ಕುಂತಾಳ ನೋಡ್ರಿ. ಆಕಿನ್ನ ಕೇಳ್ರಿ.’

ಎಲ್ಲರೂ ನನ್ನ ಕಡೆ ತಿರುಗಿದರು. ಅಧ್ಯಕ್ಷೆಯೂ ತಿರುಗಿದಳು, ಮುಖದ ಮೇಲೆ ಅದೇ ಒಳ್ಳೆಯ ನಗು. ನನ್ನ ಕಣ್ಣಿಗೆ ಕಂಡದ್ದು ಇನ್ನೂ ಬರೆಯದ ಆ ಪತ್ರ. ಜತೆಗೆ ಧಾರವಾಡದಲ್ಲಿ ಕಲಿತ ಪಾಠಗಳೂ ನೆರವಿಗೆ ಬಂದವು. ಆಧಾರವಿಲ್ಲದ್ದು ಇತಿಹಾಸವಲ್ಲ ಎಂದು ನಾನೇ ಎಷ್ಟು ಮಕ್ಕಳಿಗೆ ಹೇಳಿಲ್ಲ! ಹೇಡಿಗೆ ನೆಪಕ್ಕೇನು ಬರ. ನಾನು ಅಂದೆ: ‘ಅವರ ಸಮುದಾಯದಲ್ಲಿ ಹಾಗೊಂದು ನಂಬಿಕೆ ಇದೆ.’

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಧ್ಯಕ್ಷೆಯ ಉಸಿರು ಸಡಿಲಾದದ್ದು ನನಗೆ ಕೇಳಿಸಿತು. ‘ಬ್ಯೂಟಿಫುಲ್,’ ಅಂದಳು. ‘ಹಾಗಾದರೆ ದಂತಕಥೆಗಳ ಪುಟದಲ್ಲಿ ಹಾಕೋಣ.’

ಅಜ್ಜಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಮಕ್ಕಳು ಹತ್ತಿದ ಮೇಲೆ ಕನ್ನಡಿಯಲ್ಲಿ ಒಂದು ಸಲ ಎಣಿಸಿ ನೋಡುವ ಹಾಗೆ ನೋಡಿದಳು. ಆಮೇಲೆ ಬಸ್ಸಿನ ಕೀಲಿ ಎತ್ತಿಕೊಂಡು, ‘ಹೊತ್ತಾತು. ಹುಡುಗರು ಕಾಯ್ತಾವ,’ ಎಂದು ಹೊರಟುಹೋದಳು.

ಪುಸ್ತಕ ಬಂತು. ಕಾಗೆ ಸೂರ್ಯನನ್ನು ಹೇಗೆ ತಂದಿತು ಎಂಬ ಕಥೆಯ ಕೆಳಗೆ, ‘ಒಂದಾನೊಂದು ಕಾಲದಲ್ಲಿ ಕಡಲ ಬದಿಯ ಒಂದು ಊರು ಬೆಂಕಿಯಲ್ಲಿ ನಾಶವಾಯಿತೆಂದು ಜನ ನಂಬುತ್ತಾರೆ. ಅವರು ಧೈರ್ಯದಿಂದ ಹೊಸ ಬದುಕು ಕಟ್ಟಿಕೊಂಡರು’ ಎಂದು ಎರಡು ಸಾಲು. ಪಕ್ಕದಲ್ಲಿ ನಗುವ ಮುಖದ ಒಂದು ದೋಣಿಯ ಚಿತ್ರ. ಅದರ ಕೆಳಗೇ ಒಬ್ಬಳು ಹೆತ್ತಿದ್ದಳು. ನನಗೆ ಪತ್ರ ಸಿಕ್ಕಿತು, ಕೆಲಸವೂ ಸಿಕ್ಕಿತು. ಪ್ರತಿ ಸೆಪ್ಟೆಂಬರಿನಲ್ಲಿ ಆ ಪುಸ್ತಕದ ಕಟ್ಟು ಬಿಚ್ಚಿ ಮಕ್ಕಳಿಗೆ ಹಂಚುವುದು ಈಗ ನನ್ನ ಕೆಲಸ. ಉಂಡ ಮನೆಯ ಜಂತೆ ಎಣಿಸಿದವಳಿಗೆ ತಕ್ಕ ಉದ್ಯೋಗ.

ನನಗೆ ರಜೆಯಿದ್ದ ಶುಕ್ರವಾರ ಅವಳು ಬರುವುದನ್ನು ಬಿಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾದದ್ದು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅಂಥ ಒಂದು ಶುಕ್ರವಾರ ಜೋರು ಮಳೆ. ಪಿಕಪ್ಪಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಜಡೆಯಿಂದ ನೀರು ಇಳಿಯುತ್ತಿತ್ತು. ನಾನು ಒಂದು ಟವೆಲ್ ತಂದುಕೊಟ್ಟೆ. ತಲೆ ಒರಸಿಕೊಂಡು, ಅದರ ಅಂಚು ನೋಡಿ, ‘ಆ ಟವೆಲ್ ಎಲ್ಲಿ?’ ಎಂದು ಕೇಳಿದಳು.

ಈ ಸಲ ಸುಳ್ಳು ಹೇಳಲಿಲ್ಲ. ನವರಾತ್ರಿ, ಬ್ಲೌಸ್ ಪೀಸು, ಮೈಸೂರಿನ ಗೆಳತಿ, ಎಲ್ಲ ಹೇಳಿದೆ. ಗಿಳಿಹಸಿರು ಪಾಲಿಯೆಸ್ಟರಿನ ಕಥೆಗೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಛಲೋ ಐತಿ ನಿಮ್ಮ ಪದ್ಧತಿ. ಕೊಟ್ಟಿದ್ದು ತಪ್ಪಲ್ಲ ಬಿಡು. ನಾವೂ ಕೊಡತೇವಿ, ವಸ್ತು ಕೈ ದಾಟಬೇಕು,’ ಅಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವಳು ಚಹಾ ಕುಡಿದು, ಕಪ್ಪು ಕೆಳಗಿಟ್ಟು ಕೇಳಿದಳು:

‘ಕೊಡುವಾಗ ಮಾತೂ ಕೊಟ್ಯಾ?’

‘ಯಾವ ಮಾತು?’

‘ಅದು ಯಾತಕ್ಕ ಬಂದಿದ್ದು ಅನ್ನೋ ಮಾತು.’

ಇಲ್ಲ ಅಂದೆ.

‘ಹಂಗಾದ್ರ ಬರೇ ಅರಿವಿ ತುಂಡು ಕೊಟ್ಟಿ,’ ಅಂದಳು. ಅಷ್ಟೇ. ರೊಟ್ಟಿ ಇದೆಯಾ ಎಂದು ಕೇಳಿದಳು. ಸಭೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳಿಗೆ ಕ್ಷಮೆ ಕೇಳಬೇಕಾದ ದಿನ ಇದ್ದರೆ ಅದೇ ದಿನ. ನಾನು ಒಲೆಯ ಕಡೆ ತಿರುಗಿ ರೊಟ್ಟಿ ಬಿಸಿ ಮಾಡಿದೆ.

2016ರಲ್ಲಿ ಅವಳು ಬಸ್ಸು ಬಿಟ್ಟು ಊರಿಗೆ ಹೋದಳು. ಹೋಗಿ ಕಂಡುಬರಬೇಕು ಎಂದು ಪ್ರತಿ ತಿಂಗಳೂ ಅಂದುಕೊಂಡೆ. ಮಗಳ ಪಿಯಾನೋ, ಕಾರಿನ ರಿಪೇರಿ, ಯಾರದೋ ಗೃಹಪ್ರವೇಶ. ಖಾಲಿ ಕೈಯಲ್ಲಿ ಹೋಗಲು ನಾಚಿಕೆ ಎಂಬುದು ನಿಜವಾದ ಕಾರಣ. 2018ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹೊಸ ಡ್ರೈವರ್ ಬಸ್ಸಿನ ಬಾಗಿಲು ತೆರೆದು, ‘ನಿಮಗೆ ಗೊತ್ತಾಯ್ತಾ, ಅಜ್ಜಿ ಹೋದ್ರು’ ಎಂದ. ವಸಂತದಲ್ಲಿ ಊರಿನವರು ಸೇರಿ ಅವಳ ಹೆಸರಿನಲ್ಲಿ ಊಟ ಹಾಕುತ್ತಾರಂತೆ ಎಂದೂ ಹೇಳಿದ.

ಅದೇ ಶನಿವಾರ ಮರ್ಸರ್ ಐಲ್ಯಾಂಡಿಗೆ ಹೋದೆ. ಟವೆಲ್ ಬೇಕು ಎಂದಾಗ ಗೆಳತಿಗೆ ಅರ್ಥವೇ ಆಗಲಿಲ್ಲ.

‘ಯಾವ ಟವೆಲ್ಲೇ? ನಾಲ್ಕ್ ವರ್ಷದ ಹಿಂದೆ ಕೊಟ್ಟಿದ್ದಾ?’ ಎಂದು ಗ್ಯಾರೇಜಿಗೆ ಕರೆದೊಯ್ದಳು. ನಾಯಿಯ ಬೋನಿನ ಒಳಗೆ ಅದು ಮುದ್ದೆಯಾಗಿ ಬಿದ್ದಿತ್ತು. ಬಿಳಿ ಬಣ್ಣ ಹೋಗಿ ಮಣ್ಣು ಬಣ್ಣ, ಉದ್ದಕ್ಕೂ ಕೂದಲು, ಒಂದು ಮೂಲೆಯಲ್ಲಿ ಹಳದಿ ಕಲೆ. ನೀಲಿ ಪಟ್ಟೆ ಮಾತ್ರ ಇನ್ನೂ ಕಾಣುತ್ತಿತ್ತು. ‘ಛೀ, ಅದನ್ನ ಮುಟ್ಬೇಡ ಮಾರಾಯ್ತಿ, ಬ್ರೂನೋ ಗಲೀಜ್ ಮಾಡಿದಾನೆ. ಒಳಗೆ ಹೊಸ ಪ್ಯಾಕ್ ಇದೆ, ಒಂದಲ್ಲ ಎರಡ್ ತಗೊಂಡ್ಹೋಗು.’

ಮೀನು ಮುಟ್ಟಿದ್ದಕ್ಕೆ ಎರಡು ಸಲ ಕೈ ತೊಳೆದವಳು ನಾನು. ಬಗ್ಗಿ, ಆ ಗಲೀಜನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ನಾಯಿಯ ಬಗ್ಗೆ ಹೇಸಿಗೆಯಾಗಲಿಲ್ಲ, ಪಾಪ, ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ. ಗೆಳತಿಗೂ ಯಾರೂ ಹೇಳಿರಲಿಲ್ಲ. ಅಲ್ಲೇ, ಎರಡು ಕಾರುಗಳ ನಡುವೆ ನಿಂತು, ನಾನು ಅವಳಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹೂವಿನ ಹೊಲ, ಬೂದಿ, ಮುದುಕಿಯರು, ದೋಣಿ. ಸಭೆಯಲ್ಲಿ ನಾನು ಆಡಿದ್ದನ್ನೂ ಹೇಳಿದೆ.

ಅವಳು ಟವೆಲಿಗೆ ಅಂಟಿದ್ದ ಕೂದಲನ್ನು ಒಂದೊಂದಾಗಿ ಕಿತ್ತಳು. ಆಮೇಲೆ, ‘ಇದನ್ನ ಕೊಡೋವಾಗಲೇ ಹೇಳ್ಬಾರ್ದಿತ್ತೇನೇ?’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ನಾಲ್ಕು ಸಲ ಒಗೆದರೂ ಮೂಲೆಯ ಕಲೆ ಹೋಗಲಿಲ್ಲ. ಹಾಗೇ ಮಡಿಚಿಕೊಂಡು ವಸಂತದಲ್ಲಿ ಅಜ್ಜಿಯ ಊರಿಗೆ ಹೋದೆ. ಅದೇ ಸಭಾಂಗಣ. ಊಟವಾದ ಮೇಲೆ, ಆ ಮಗುವಿಗೆ ಹೆಸರಿಟ್ಟ ದಿನ ಸಾಕ್ಷಿಯಾಗಿದ್ದವರು ಏಳಿ ಎಂದು ಕೂಗಿದರು. ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬ ಮೀನುಗಾರ ಎದ್ದ, ನಾನೂ ಎದ್ದೆ. ಕೇಳಿದ್ದನ್ನು ಹೇಳಿದೆ. ಕೇಳಿದಾಗ ಹೇಳದೇ ಹೋದದ್ದನ್ನೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಛೀ ಅನ್ನಲಿಲ್ಲ. ಅಜ್ಜಿಯ ತಮ್ಮ, ಅವಳದೇ ಗಿಡ್ಡ ದೇಹ, ನನ್ನ ಹತ್ತಿರ ಬಂದು ಟವೆಲಿನ ಕಲೆ ಮುಟ್ಟಿ ನೋಡಿದ.

‘ಬರೋಬರಿ ಹೇಳ್ದಿ,’ ಅಂದ. ‘ಆದ್ರ ಇಲ್ಲಿ ಎಲ್ಲಾರಿಗೂ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೇಳು ಹೋಗು.’

ಶಾಲೆಗೆ ಮರಳಿದ ವಾರವೇ ಸಮಿತಿಯ ಸಭೆಯಲ್ಲಿ ಎದ್ದು ನಿಂತೆ. ಅದೇ ಗಿಡ್ಡ ಕುರ್ಚಿಗಳು, ಅದೇ ಕುಕೀ. ನಂಬಿಕೆ ಎಂದು ಅಂದು ನಾನು ಹೇಳಿದ್ದು ಸುಳ್ಳು, ನಾನು ಸಾಕ್ಷಿ, ಆ ಪುಟ ತೆಗೆದು ನಿಜವನ್ನು ಹಾಕಿ ಅಂದೆ. ಅಧ್ಯಕ್ಷೆ ನನ್ನ ಧೈರ್ಯವನ್ನು ಮೆಚ್ಚಿದಳು. ಮುಂದಿನ ಮುದ್ರಣದಲ್ಲಿ ನೋಡೋಣ ಅಂದಳು. ಮುಂದಿನ ಮುದ್ರಣ ಬಂತು, ದೋಣಿ ಇನ್ನೂ ನಗುತ್ತಿದೆ. ಪುಸ್ತಕ ಹಂಚುವಾಗ ನಾನೀಗ ಆ ಪುಟ ತೆಗೆಸಿ ಮಕ್ಕಳಿಗೆ ಬಾಯಿಂದ ಹೇಳುತ್ತೇನೆ. ಒಬ್ಬರು ಪಾಲಕರು ದೂರು ಕೊಟ್ಟಿದ್ದಾರೆ, ವಿಚಾರಣೆಗೆ ಕರೆದಾರು. ನವರಾತ್ರಿಗೆ ನಮ್ಮ ಮನೆಗೆ ಬರುವ ಹೆಂಗಸರಿಗೂ ಕುಂಕುಮ ಕೊಡುವ ಮೊದಲು ಹೇಳುತ್ತೇನೆ. ಇವಳ ಮನೆಗೆ ಹೋದರೆ ಪುರಾಣ ಕೇಳಬೇಕು ಎಂದು ಇಬ್ಬರು ಬರುವುದನ್ನೇ ಬಿಟ್ಟರು. ಮೈಸೂರಿನವಳು ಮಾತ್ರ ತಪ್ಪದೆ ಬಂದು, ನಾನು ಮರೆತ ಕಡೆ ನೆನಪಿಸುತ್ತಾಳೆ.

ಇವರೆಲ್ಲರ ಮುಂದೆ ಹೇಳಿಯೂ ನನಗೆ ಸಮಾಧಾನವಿಲ್ಲ. ಹೇಳಬೇಕಾಗಿದ್ದ ದಿನ, ಅವಳು ಕಣ್ಣೆದುರು ನಿಂತು ನನ್ನ ಕಡೆ ಬೆರಳು ತೋರಿಸಿದ ದಿನ, ನಾನು ಹೇಳಲಿಲ್ಲ. ಅದಕ್ಕೇ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಗೊತ್ತಿಲ್ಲದವರು ಇಲ್ಲಿಯೂ ಇದ್ದಾರೆಂದು. ಆ ಊರು ತಾನಾಗಿ ಸುಡಲಿಲ್ಲ. ಜನ ಕೂಲಿಗೆ ಹೋದಾಗ, ನೆಲ ಬೇಕಾದ ಒಬ್ಬ ಮನುಷ್ಯ ಒಂದೊಂದೇ ಮನೆಗೆ ಕೊಳ್ಳಿ ಇಟ್ಟ. ಇಬ್ಬರು ಮುದುಕಿಯರು ಕಂಡರು. ಅವರು ಹೇಳಿದ್ದನ್ನು ಕೇಳಿದವಳ ಮೊಮ್ಮಗಳ ಬಾಯಿಂದ ನಾನು ಕೇಳಿದೆ. ಹೆಚ್ಚು ಹೇಳಿಲ್ಲ, ಕಡಿಮೆ ಹೇಳಿಲ್ಲ.

ಓದಿದ ನಿಮಗೆ ಕೊಡಲು ನನ್ನ ಹತ್ತಿರ ಟವೆಲ್ ಇಲ್ಲ. ಆದರೆ ನೀವು ಕೇಳಿದ್ದೀರಿ.